ಕ್ವೀನ್ ಮೇರಿ ಹಡಗಿನ ಕುರಿತು ಅಪ್ಪನಿಗೆ ಬರೆದ ಪತ್ರ

ಲಾಂಗ್ ಬೀಚ್, ಕ್ಯಾಲಿಫೋರ್ನಿಯಾ

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಅಲ್ಲಿ ನಿಮ್ಮ ಹಾಗೂ ಅಮ್ಮನ ಆರೋಗ್ಯದ ಬಗ್ಗೆ ಆಗಾಗ ತಿಳಿಸುತ್ತಿರಬೇಕು.

ನಾನು ಕಳಿಸಿದ ಫೋಟೊದಲ್ಲಿ ಮೂರು ಕೆಂಪು ಹೊಗೆಕೊಳವೆಗಳಿದ್ದ ಹಡಗು ಯಾವುದು, ಪ್ರಯಾಣಿಕರ ಹಡಗಿಗೂ ಯುದ್ಧಕ್ಕೂ ಏನು ಸಂಬಂಧ ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಕಾಗದದಲ್ಲಿಯೇ ಬರೆಯುತ್ತಿದ್ದೇನೆ.

ಅದರ ಹೆಸರು ಕ್ವೀನ್ ಮೇರಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಜಾನ್ ಬ್ರೌನ್ ಕಂಪನಿಯವರು 1930ರ ಡಿಸೆಂಬರ್‌ನಲ್ಲಿ ಇದರ ಕೆಲಸ ಆರಂಭಿಸಿದರು. ಒಂದೇ ವರ್ಷದಲ್ಲಿ ಆರ್ಥಿಕ ಮುಗ್ಗಟ್ಟಿನಿಂದಾಗಿ ಕೆಲಸ ನಿಂತುಹೋಗಿ, ಸಾವಿರಾರು ಕಾರ್ಮಿಕರು ಮನೆಗೆ ಮರಳಬೇಕಾಯಿತು. ಹೆಸರೂ ಇಲ್ಲದೆ ಬರೀ 534 ಎಂಬ ಸಂಖ್ಯೆ ಹೊತ್ತ ಆ ಕಬ್ಬಿಣದ ಒಡಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ನಿಂತಿತ್ತು. ಹಡಗು ಕಟ್ಟಿಸುತ್ತಿದ್ದ ಕ್ಯೂನಾರ್ಡ್ ಕಂಪನಿಯು ಟೈಟಾನಿಕ್‌ನ ಒಡೆಯರಾದ ವೈಟ್ ಸ್ಟಾರ್ ಕಂಪನಿಯೊಡನೆ ಒಂದಾಗಬೇಕೆಂಬ ಷರತ್ತಿನ ಮೇಲೆ ಬ್ರಿಟಿಷ್ ಸರ್ಕಾರ ಸಾಲ ಕೊಟ್ಟ ನಂತರವೇ, 1934ರಲ್ಲಿ, ಕೆಲಸ ಮತ್ತೆ ಹಿಡಿಯಿತು. ಎಂಬತ್ತು ಸಾವಿರ ಟನ್ನಿಗೂ ಮೀರಿದ, ಸಾವಿರ ಅಡಿಗಿಂತ ಉದ್ದದ ಈ ಹಡಗು 1936ರ ಮೇ 27ರಂದು ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಮೊದಲ ಬಾರಿ ಹೊರಟಿತು. ಮುಂದಿನ ಮೂರು ವರ್ಷ ಸಿರಿವಂತರ, ಸಿನಿಮಾ ತಾರೆಯರ ಓಡಾಟದ ಕಾಲ. ಅದರ ವರ್ಣನೆಯನ್ನು ಇಲ್ಲಿ ಬಿಡುತ್ತೇನೆ. ಅಟ್ಲಾಂಟಿಕ್ ಸಾಗರವನ್ನು ಅತ್ಯಂತ ಬೇಗ ದಾಟುವ ಹಡಗಿಗೆ ಸಲ್ಲುತ್ತಿದ್ದ ಬ್ಲೂ ರಿಬಾಂಡ್ ಗೌರವವನ್ನು ಫ್ರೆಂಚರ ನಾರ್ಮಂಡಿ ಹಡಗಿನೊಡನೆ ಪೈಪೋಟಿಗೆ ಬಿದ್ದು ಗೆದ್ದುಕೊಂಡಿತ್ತು ಎಂಬುದಷ್ಟನ್ನು ನೆನಪಿನಲ್ಲಿಡಿ, ಏಕೆಂದರೆ ಮುಂದಿನದೆಲ್ಲ ಆ ವೇಗದ ಕಥೆಯೇ.

1939ರ ಆಗಸ್ಟ್ 30ರಂದು ಸೌತಾಂಪ್ಟನ್ ಬಿಟ್ಟ ಹಡಗು ಇನ್ನೂ ನಡುಗಡಲಿನಲ್ಲಿದ್ದಾಗಲೇ ಬ್ರಿಟನ್ ಯುದ್ಧ ಘೋಷಿಸಿತು. ನ್ಯೂಯಾರ್ಕ್ ತಲುಪಿದ ಮೇಲೆ ಅದನ್ನು ಅಲ್ಲಿಯೇ ಕಟ್ಟಿಹಾಕಿ, ಹೊಳೆಯುವ ಕಪ್ಪು, ಬಿಳಿ, ಕೆಂಪು ಬಣ್ಣಗಳ ಮೇಲೆ ಬೂದು ಬಣ್ಣ ಬಳಿದರು. 1940ರ ಮಾರ್ಚ್‌ನಲ್ಲಿ ಅದು ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಸಿಡ್ನಿಗೆ ಹೋಯಿತು. ಅಲ್ಲಿ ಅದನ್ನು ಸೈನಿಕರ ಸಾಗಣೆಗೆ ತಕ್ಕಂತೆ ಮಾರ್ಪಡಿಸಿದರು. ಮೈಲಿಗಟ್ಟಲೆ ಉದ್ದದ ರತ್ನಗಂಬಳಿಗಳು, ಇನ್ನೂರಕ್ಕೂ ಹೆಚ್ಚು ಪೆಟ್ಟಿಗೆಗಳಷ್ಟು ಪಿಂಗಾಣಿ ಮತ್ತು ಬೆಳ್ಳಿಯ ಪಾತ್ರೆಗಳು, ಗೋಡೆಯ ಚಿತ್ರಗಳು ಯುದ್ಧ ಮುಗಿಯುವವರೆಗೂ ಉಗ್ರಾಣ ಸೇರಿದವು.

ಅದೇ ವರ್ಷದ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಸುಮಾರು ಐದು ಸಾವಿರ ಸೈನಿಕರೊಂದಿಗೆ ಹಡಗು ಸಿಡ್ನಿಯಿಂದ ಹೊರಟಿತು. ನಂತರದ ಕೆಲಸ ಬಹುಪಾಲು ನಮ್ಮ ಹಿಂದೂ ಮಹಾಸಾಗರದಲ್ಲಿಯೇ. ಉತ್ತರ ಅಟ್ಲಾಂಟಿಕ್‌ನ ಚಳಿಗೆಂದು ಕಟ್ಟಿದ ಹಡಗಿನಲ್ಲಿ ಕೆಂಪು ಸಮುದ್ರದ ಸೆಕೆಗೆ ಯಾವ ಏರ್ಪಾಡೂ ಇರಲಿಲ್ಲವಾದ್ದರಿಂದ, ಸೂಯೆಜ್ ಕಡೆಗಿನ ಪ್ರಯಾಣದಲ್ಲಿ ಕೆಳಗಿನ ಡೆಕ್ಕುಗಳವರ ಪಾಡು ಹೇಳತೀರದು. 1941ರ ಫೆಬ್ರುವರಿಯಲ್ಲಿ ಇದೇ ಹಡಗು ಆಸ್ಟ್ರೇಲಿಯದ ಒಂದು ಬ್ರಿಗೇಡನ್ನು, ಅಂದರೆ ದೊಡ್ಡ ಸೇನಾ ತುಕಡಿಯನ್ನು, ಸಿಂಗಪುರಕ್ಕೆ ತಂದಿಳಿಸಿತು. ಒಂದು ವರ್ಷ ತುಂಬುವ ಹೊತ್ತಿಗೆ, 1942ರ ಫೆಬ್ರುವರಿ 15ರಂದು, ಸಿಂಗಪುರ ಜಪಾನೀಯರ ವಶವಾಯಿತು; ಆ ಬ್ರಿಗೇಡಿನವರಲ್ಲಿ ಬದುಕುಳಿದವರು ಸೆರೆಯಾಳುಗಳಾದರು. ಅಂದು ಸೆರೆಯಾದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಮೊದಲನೆಯ ಮೈಸೂರು ಇನ್‌ಫೆಂಟ್ರಿ ಎಂಬ ಕಾಲಾಳು ಪಡೆಯ ಜವಾನರೂ ಇದ್ದರು ಎಂಬುದನ್ನು ನಿಮ್ಮಂತಹವರಿಗೆ ನಾನು ಹೇಳಬೇಕಾಗಿಲ್ಲ.

ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಹಡಗಿನ ಮುಖ್ಯ ಹಾದಿ ನ್ಯೂಯಾರ್ಕ್ ಮತ್ತು ಸ್ಕಾಟ್ಲೆಂಡಿನ ಗೂರಾಕ್ ನಡುವೆ ಎಂದಾಯಿತು. ಶಾಂತಿಕಾಲದಲ್ಲಿ ಎರಡು ಸಾವಿರದಷ್ಟು ಪ್ರಯಾಣಿಕರಿಗೆಂದು ಮಾಡಿದ ಹಡಗು ಅದು. 1943ರ ಜುಲೈನ ಕೊನೆಯಲ್ಲಿ ಒಂದೇ ಪ್ರಯಾಣದಲ್ಲಿ ನಾವಿಕರೂ ಸೇರಿ 16,683 ಜನರನ್ನು ಅದು ಸಾಗಿಸಿತು. ಒಂದು ಹಡಗಿನಲ್ಲಿ ಅಷ್ಟು ಜನ ಹಿಂದೆಂದೂ ಹೋಗಿರಲಿಲ್ಲ. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ನಮ್ಮ ರೈಲಿನ ಸ್ಲೀಪರ್ ಬೋಗಿಯ ಮೂರು ಬರ್ತುಗಳ ಜಾಗದಲ್ಲಿ ಐದಾರು ಇದ್ದರೆ ಹೇಗೋ ಹಾಗೆ, ಕೊಳವೆಯ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ಬಂಕುಗಳನ್ನು ಕ್ಯಾಬಿನ್ನು, ಸಭಾಂಗಣ, ಈಜುಕೊಳ ಎನ್ನದೆ ಎಲ್ಲೆಡೆ ಒಂದರ ಮೇಲೊಂದು ಕಟ್ಟಿದ್ದರು. ಅವೂ ಸಾಲದೆ ಪಾಳಿಯಲ್ಲಿ ಮಲಗಬೇಕಿತ್ತು. ಊಟ ದಿನಕ್ಕೆ ಎರಡೇ ಹೊತ್ತು. ಹಡಗನ್ನು ಕೆಂಪು, ಬಿಳಿ, ನೀಲಿ ಎಂದು ಮೂರು ವಲಯಗಳಾಗಿ ವಿಂಗಡಿಸಿ, ಪ್ರತಿಯೊಬ್ಬನಿಗೂ ಆಯಾ ಬಣ್ಣದ ಬಿಲ್ಲೆ ಕೊಟ್ಟು, ತನ್ನ ವಲಯ ಬಿಟ್ಟು ಕದಲಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಇದು ಬರಿಯ ಶಿಸ್ತಿನ ಮಾತಾಗಿರಲಿಲ್ಲ. ಅಷ್ಟು ಜನ ಒಮ್ಮೆಗೇ ಒಂದು ಪಕ್ಕಕ್ಕೆ ಸರಿದರೆ ಹಡಗು ವಾಲುವ ಭಯವಿತ್ತು.

ಇಷ್ಟು ಜನರನ್ನು ಹೊತ್ತ ಹಡಗಿಗೆ ರಕ್ಷಣೆ ಯಾವುದು? ಸಾಗರದ ನಡುಭಾಗದಲ್ಲಿ ಬೆಂಗಾವಲು ನೌಕೆಗಳು ಇರುತ್ತಿರಲಿಲ್ಲ, ಏಕೆಂದರೆ ಇದರೊಡನೆ ಅಷ್ಟು ದೂರ ಓಡುವ ಶಕ್ತಿ ಅವಕ್ಕಿರಲಿಲ್ಲ. ಇದರ ವೇಗ 28.5 ನಾಟ್, ಅಂದರೆ ಗಂಟೆಗೆ ಸುಮಾರು 53 ಕಿಲೋಮೀಟರ್. ಜರ್ಮನರ ಜಲಾಂತರ್ಗಾಮಿ ನೀರಿನ ಮೇಲೆ ತೇಲಿ ಓಡಿದರೂ 17-18 ನಾಟ್ ದಾಟುತ್ತಿರಲಿಲ್ಲ; ಮುಳುಗಿದರಂತೂ ಇನ್ನೂ ನಿಧಾನ. ಹಿಂದಿನಿಂದ ಅಟ್ಟಿ ಹಿಡಿಯುವುದು ಸಾಧ್ಯವೇ ಇಲ್ಲದ್ದರಿಂದ ಎದುರಿನಲ್ಲಿ ಹೊಂಚುಹಾಕುವುದೊಂದೇ ಅವುಗಳಿಗಿದ್ದ ದಾರಿ. ಅದನ್ನೂ ತಪ್ಪಿಸಲು ಹಡಗು ಮೊದಲೇ ಗೊತ್ತುಪಡಿಸಿದ ಕ್ರಮದಂತೆ ಕೆಲವು ನಿಮಿಷಗಳಿಗೊಮ್ಮೆ ಎಡಕ್ಕೂ ಬಲಕ್ಕೂ ತಿರುಗುತ್ತ ಅಂಕುಡೊಂಕಾಗಿ ಸಾಗುತ್ತಿತ್ತು. ಇದರ ಜೊತೆಗೆ ಇನ್ನೊಂದು ಕಟ್ಟಾಜ್ಞೆಯಿತ್ತು: ಏನೇ ಆಗಲಿ, ಯಾರಿಗಾಗಿಯೂ ನಿಲ್ಲಕೂಡದು.

ಅದರ ಬೆಲೆ ಏನೆಂಬುದು 1942ರ ಅಕ್ಟೋಬರ್ 2ರ ಮಧ್ಯಾಹ್ನ ಐರ್ಲೆಂಡಿನ ಉತ್ತರದ ಕಡಲಿನಲ್ಲಿ ಗೊತ್ತಾಯಿತು. ಸುಮಾರು ಹತ್ತು ಸಾವಿರ ಅಮೆರಿಕನ್ ಸೈನಿಕರನ್ನು ಹೊತ್ತು ಬರುತ್ತಿದ್ದ ಕ್ವೀನ್ ಮೇರಿಯನ್ನು ಎದುರುಗೊಳ್ಳಲು ಬಂದಿದ್ದ ನೌಕೆಗಳಲ್ಲಿ ಕ್ಯುರಸೋವ ಎಂಬ, ಮೊದಲ ಮಹಾಯುದ್ಧದ ಕಾಲದ ಹಳೆಯ ಕ್ರೂಸರ್ ಯುದ್ಧನೌಕೆ ಒಂದು. ಎಂಜಿನ್ ಸವೆದಿದ್ದ ಅದು ಹೆಚ್ಚೆಂದರೆ 25 ನಾಟ್ ಓಡುತ್ತಿದ್ದಿತಾದ್ದರಿಂದ ಮುಂದೆ ನೇರವಾಗಿ ಸಾಗುತ್ತಿತ್ತು. ಅಂಕುಡೊಂಕಾಗಿ ಬಂದರೂ ಕ್ವೀನ್ ಮೇರಿ ಹಿಂದಿನಿಂದ ಹತ್ತಿರ ಹತ್ತಿರವಾಗುತ್ತಿತ್ತು. ದಾರಿ ಬಿಡಬೇಕಾದವನು ಇನ್ನೊಬ್ಬನೇ ಎಂದು ಎರಡೂ ಹಡಗುಗಳ ಕ್ಯಾಪ್ಟನ್ನರು ತಿಳಿದಿದ್ದರು. ಎಂಬತ್ತು ಸಾವಿರ ಟನ್ನಿನ ಹಡಗು ನಾಲ್ಕು ಸಾವಿರ ಟನ್ನಿನ ಕ್ರೂಸರನ್ನು ಎರಡು ತುಂಡಾಗಿ ಸೀಳಿಕೊಂಡು ಹೋಯಿತು. ಕ್ವೀನ್ ಮೇರಿಯೊಳಗಿದ್ದ ಅನೇಕರಿಗೆ ಒಂದು ಸಣ್ಣ ಕುಲುಕಾಟವಷ್ಟೇ ಅನುಭವಕ್ಕೆ ಬಂದಿತಂತೆ. ಮೂತಿ ಜಜ್ಜಿಹೋಗಿದ್ದರೂ ಅದು ನಿಲ್ಲಲಿಲ್ಲ. ವೇಗ ತಗ್ಗಿಸಿ ಮುಂದೆ ಸಾಗಿತು. ದೂರದಲ್ಲಿದ್ದ ಬೆಂಗಾವಲು ನೌಕೆಗಳು ಹಿಂದಿರುಗಿ ಬಂದು ಎತ್ತಿಕೊಂಡದ್ದು ನೂರೊಂದು ಜನರನ್ನು. ಸತ್ತವರು 330ಕ್ಕೂ ಹೆಚ್ಚು.

ಯುದ್ಧ ಮುಗಿಯುವವರೆಗೆ ಈ ಸುದ್ದಿಯನ್ನು ಗುಟ್ಟಾಗಿಟ್ಟಿದ್ದರು. ನಂತರ ನೌಕಾಪಡೆ ಮತ್ತು ಕ್ಯೂನಾರ್ಡ್ ನಡುವೆ ಮೊಕದ್ದಮೆ ನಡೆದು, ಮೊದಲ ನ್ಯಾಯಾಲಯ ತಪ್ಪೆಲ್ಲ ಕ್ಯುರಸೋವದ್ದೇ ಎಂದಿತು. ಮೇಲ್ಮನವಿಯಲ್ಲಿ ಅದು ಬದಲಾಗಿ, ಕಡೆಗೆ 1949ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಮೂರರಲ್ಲಿ ಎರಡು ಪಾಲು ಹೊಣೆ ಕ್ರೂಸರಿನದು, ಒಂದು ಪಾಲು ಕ್ವೀನ್ ಮೇರಿಯದು ಎಂಬ ತೀರ್ಪನ್ನು ಎತ್ತಿಹಿಡಿಯಿತು. ನಿಲ್ಲದೆ ಹೋದದ್ದಕ್ಕೆ ನಾನಂತೂ ಆ ಕ್ಯಾಪ್ಟನ್ನನ್ನು ದೂರಲಾರೆ. ಹತ್ತು ಸಾವಿರ ಜೀವಗಳ ಹೊಣೆ ಹೊತ್ತವನಿಗೆ ಬೇರೆ ದಾರಿ ಇರಲಿಲ್ಲ. ಆದರೆ 16,683 ಎಂಬ ದಾಖಲೆಯ ಸಂಖ್ಯೆಯನ್ನು ಅಷ್ಟು ದೊಡ್ಡದಾಗಿ ಹೇಳುವವರು ಅಂದು ಸತ್ತವರ ಸಂಖ್ಯೆಯನ್ನೂ ಅಷ್ಟೇ ದೊಡ್ಡದಾಗಿ ಹೇಳಬೇಕು. ಈಗ ಹಡಗಿನಲ್ಲಿ ದುಡ್ಡು ತೆಗೆದುಕೊಂಡು ದೆವ್ವಗಳ ಪ್ರವಾಸ ಮಾಡಿಸುತ್ತಾರೆ! ಅದಕ್ಕೆ ಸಿಗುವ ಗಿರಾಕಿಗಳನ್ನು ನೋಡಿದರೆ ನೀವು ನಗುತ್ತಿದ್ದಿರಿ.

ಚರ್ಚಿಲ್ ಕೂಡ ಯುದ್ಧಕಾಲದಲ್ಲಿ ಇದೇ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿದ್ದುಂಟು. 1943ರ ಮೇ ತಿಂಗಳಲ್ಲಿ ಆತ ಮೇಲಿನ ಡೆಕ್ಕಿನಲ್ಲಿದ್ದಾಗ ಕೆಳಗಿನ ಡೆಕ್ಕುಗಳಲ್ಲಿ ಸಾವಿರಾರು ಜರ್ಮನ್ ಸೆರೆಯಾಳುಗಳಿದ್ದರು. ಆಗಸ್ಟ್‌ನಲ್ಲಿ ಕೆನಡಾದಲ್ಲಿ ನಡೆದ, ಯುದ್ಧದ ಕುರಿತ ಕ್ವಿಬೆಕ್ ಸಮ್ಮೇಳನಕ್ಕೆ ಹೋದದ್ದೂ ಇದರಲ್ಲಿಯೇ. ಆ ತಿಂಗಳು ಬಂಗಾಳದಲ್ಲಿ ಜನ ಅನ್ನವಿಲ್ಲದೆ ಬೀದಿಯಲ್ಲಿ ಸಾಯುತ್ತಿದ್ದರು, ಧಾನ್ಯ ತರಲು ಹಡಗುಗಳಿಲ್ಲ ಎಂದು ಲಂಡನ್ನಿನ ಸರ್ಕಾರ ಹೇಳುತ್ತಿತ್ತು. ಅದನ್ನು ಇಲ್ಲಿನ ಯಾವ ಫಲಕದಲ್ಲಿಯೂ ನಾನು ನೋಡಲಿಲ್ಲ.

ಯುದ್ಧದುದ್ದಕ್ಕೂ ಈ ಹಡಗು ಸಾಗಿಸಿದವರ ಸಂಖ್ಯೆ ಎಂಟು ಲಕ್ಷದ ಹತ್ತಿರ ಬರುತ್ತದೆ. 1946ರಲ್ಲಿ ಅಮೆರಿಕನ್ ಸೈನಿಕರನ್ನು ಮದುವೆಯಾದ ಬ್ರಿಟಿಷ್ ಹೆಣ್ಣುಮಕ್ಕಳನ್ನೂ ಅವರ ಕೂಸುಗಳನ್ನೂ ಗಂಡಂದಿರ ದೇಶಕ್ಕೆ ತಲುಪಿಸಿ, 1947ರ ಜುಲೈ ಕೊನೆಗೆ ಮತ್ತೆ ಪ್ರಯಾಣಿಕರ ಸೇವೆಗೆ ಮರಳಿತು. ಜೆಟ್ ವಿಮಾನಗಳು ಬಂದ ಮೇಲೆ ಹಡಗು ಹತ್ತುವವರು ಕಡಿಮೆಯಾದರು. 1967ರಲ್ಲಿ ಲಾಂಗ್ ಬೀಚ್ ನಗರದವರು 34.5 ಲಕ್ಷ ಡಾಲರಿಗೆ ಕೊಂಡುಕೊಂಡರು.

ಅದು ಈಗ ಹೋಟೆಲು. ಬಾಯ್ಲರುಗಳನ್ನು ತೆಗೆದುಹಾಕಿರುವುದರಿಂದ ಇನ್ನು ಓಡುವಂತಿಲ್ಲ. ಹಿಂಭಾಗದಲ್ಲಿ ಒಂದು ಪ್ರೊಪೆಲ್ಲರನ್ನು ಮಾತ್ರ ಜನ ನೋಡಲೆಂದು ಬಿಟ್ಟಿದ್ದಾರೆ; ಕಟಕಟೆ ಹಿಡಿದು ಬಗ್ಗಿದರೆ ಹಸಿರು ನೀರಿನೊಳಗೆ ಅದರ ಭಾರಿ ಅಲಗುಗಳು ಕಾಣುತ್ತವೆ. ಮೊದಲ ದರ್ಜೆಯ ಊಟದ ಮನೆಯ ಗೋಡೆಯ ಮೇಲೆ ಅಟ್ಲಾಂಟಿಕ್‌ನ ದೊಡ್ಡದೊಂದು ನಕ್ಷೆಯಿದೆ. ಹಡಗು ಎಲ್ಲಿದೆಯೆಂದು ತೋರಿಸಲು ಸ್ಫಟಿಕದ ಪುಟ್ಟ ಹಡಗೊಂದು ಅದರ ಮೇಲೆ ಸರಿಯುತ್ತಿತ್ತಂತೆ. ನೀವಿಬ್ಬರೂ ಬಂದಾಗ ಅರ್ಧ ದಿನವನ್ನಾದರೂ ಇದಕ್ಕೆ ಇಡೋಣ. ಮೆಟ್ಟಿಲುಗಳು ಕಡಿದಾಗಿವೆ, ಅಮ್ಮನ ಮಂಡಿಗೆ ಲಿಫ್ಟ್ ಇದೆ. ಮೈಸೂರು ಇನ್‌ಫೆಂಟ್ರಿಯವರ ಬಗ್ಗೆ ನಿಮ್ಮಲ್ಲಿ ಏನಾದರೂ ಹಳೆಯ ಪುಸ್ತಕವಿದ್ದರೆ ಬರುವಾಗ ತನ್ನಿ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಮಗಳು