ಕಡತ ಎಲ್ಲಿ ಹೋಯಿತು, ಮಗಳೇ?

ಶಿರಸಿ
ಆಷಾಢ

ಪ್ರೀತಿಯ ಮಗಳೇ,

ನಿನ್ನ ಹಸ್ತಪ್ರತಿ ಬಂದು ಮೂರು ವಾರ ಆಯಿತು. ಎರಡು ಸಲ ಓದಿದೆ. ಮೊದಲ ಸಲ ಮಳೆಗೆ ಕರೆಂಟು ಹೋಗಿದ್ದ ರಾತ್ರಿ, ಬಿಡಲಾಗದೆ, ಚಾರ್ಜರ್ ಲೈಟಿನಲ್ಲಿ. ಎರಡನೇ ಸಲ ಪೆನ್ಸಿಲ್ ಹಿಡಿದು. ಜೊತೆಗಿಟ್ಟ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. “ಏಳು ಜನಕ್ಕೆ ಓದಲು ಕೊಟ್ಟೆ, ಏಳು ಜನವೂ ಬೇರೆ ಬೇರೆ ಪುಸ್ತಕ ಓದಿದ ಹಾಗಿದೆ. ಇದನ್ನು ಒಲೆಗೆ ಹಾಕಿಬಿಡಲೇ ಅಮ್ಮಾ?” ಎಂದು ಕೇಳಿದ್ದೀಯ. ಆ ಸಾಲಿನಲ್ಲಿ ಅಕ್ಷರಗಳು ಸೊಟ್ಟಗಾಗಿವೆ. ಬರೆಯುವಾಗ ಅಳುತ್ತಿದ್ದೆ ಅನಿಸಿತು. ಒಲೆಗೆ ಹಾಕುವ ಮಾತು ಬಿಡು.

ಅಧ್ಯಾಯ ಎಷ್ಟುದ್ದ ಇರಬೇಕು, ಹಳಗಾಲದ ಮಾತಿಗೆ ಯಾವ ಕನ್ನಡ ಬಳಸಬೇಕು, ಪ್ರಕಾಶಕರನ್ನು ಹೇಗೆ ಹಿಡಿಯುವುದು ಎಂದೆಲ್ಲ ಕೇಳಿದ್ದೀಯಲ್ಲ, ಅವಕ್ಕೆ ನಾನು ಉತ್ತರ ಬರೆಯುವುದಿಲ್ಲ. ಅದನ್ನು ಹೇಳಿಕೊಡುವವರು ನಿನ್ನ ಊರಲ್ಲೇ ಸಿಗುತ್ತಾರೆ. ನನಗೆ ಮಾತಾಡಬೇಕಾಗಿರುವುದು ಆ ಏಳು ಜನರ ಬಗ್ಗೆ, ಅವರಿಗೆ ಹೆದರಿ ನೀನು ಮಾಡಿರುವ ಕೆಲಸದ ಬಗ್ಗೆ.

ನಿನ್ನ ಕಾದಂಬರಿಯಲ್ಲಿ ಬಿದನೂರಿನ ಮೆಣಸಿನ ಸಾಹುಕಾರನ ಮಗ ಶಾನುಭೋಗರ ಮಗಳನ್ನು ಮಾತಿನಲ್ಲೇ ಮರುಳು ಮಾಡಿ, ರಾತ್ರೋರಾತ್ರಿ ಶರಾವತಿ ದಾಟಿಸಿ, ಹೊನ್ನಾವರದ ಒಂದು ಮನೆಯಲ್ಲಿ ಕೂಡಿಹಾಕುತ್ತಾನೆ. ನಿನ್ನ ಓದುಗರಲ್ಲಿ ನಾಲ್ವರು ಅವನಿಗೇ ಮನಸೋತಿದ್ದಾರೆ. “ಕೊನೆಗೆ ಅವನು ಸುಧಾರಿಸಿ ಅವಳ ಕೈ ಹಿಡಿದರೆ ಎಷ್ಟು ಚಂದ” ಎಂದಿದ್ದಾಳೆ ನಿನ್ನ ಅಕ್ಕ. ಒಬ್ಬರು “ಇಂಥ ಕಚ್ಚೆಹರುಕನ ಕಥೆಯನ್ನು ಹೆಣ್ಣುಮಗಳು ಬರೆಯಬೇಕಿತ್ತೇ” ಎಂದಿದ್ದಾರೆ. ಇನ್ನೊಬ್ಬರಿಗೆ ಹುಡುಗಿ ಸೊಕ್ಕಿನವಳಾಗಿ ಕಂಡಿದ್ದಾಳೆ. ಏಳನೆಯವರು ಪ್ರತಿ ಹಿಂದಕ್ಕೆ ಕೊಟ್ಟು ಏನೂ ಹೇಳದೆ ಹೋದರಂತೆ. ಇದನ್ನೆಲ್ಲ ಕೇಳಿ ನೀನು ಒಂಬತ್ತು ಪುಟದ ‘ಲೇಖಕಿಯ ಮಾತು’ ಬರೆದು ಮುಂದೆ ಅಂಟಿಸಿದ್ದೀಯ. ಸಾಲದ್ದಕ್ಕೆ ಅವನು ನಕ್ಕಲ್ಲೆಲ್ಲ, ಹಾಡಿದಲ್ಲೆಲ್ಲ, ಪುಟದ ಕೆಳಗೆ ಅಡಿಟಿಪ್ಪಣಿ: ಇದು ನಟನೆ, ಇದು ಮೋಸ, ನಂಬಬೇಡಿ. ಹದಿನಾಲ್ಕು ಕಡೆ ಎಣಿಸಿದೆ. ಹದಿನಾಲ್ಕನೆಯದಕ್ಕೆ ಬರುವಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ನೀನು ಹೋಗಿರುವ ಈ ದಾರಿಯಲ್ಲಿ ನಿನಗಿಂತ ದೊಡ್ಡವನೊಬ್ಬ ಹೋಗಿದ್ದಾನೆ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಪಕ್ಕದಲ್ಲಿ ಅಚ್ಚುಕೂಟ ಇಟ್ಟುಕೊಂಡಿದ್ದ ಸ್ಯಾಮ್ಯುಯೆಲ್ ರಿಚರ್ಡ್‌ಸನ್. ಆತನ ಕಾದಂಬರಿ ‘ಕ್ಲಾರಿಸಾ’ 1747ರ ಡಿಸೆಂಬರಿನಿಂದ 1748ರ ಡಿಸೆಂಬರಿನವರೆಗೆ ಮೂರು ಕಂತಿನಲ್ಲಿ ಏಳು ಸಂಪುಟಗಳಾಗಿ ಹೊರಬಂತು. ಒಂಬತ್ತು ಲಕ್ಷಕ್ಕೂ ಹೆಚ್ಚು ಪದಗಳು, ಎಲ್ಲವೂ ಪತ್ರಗಳೇ. ಮನೆಯವರು ಗೊತ್ತುಮಾಡಿದ ಗಂಡನ್ನು ಒಲ್ಲೆನೆಂದ ಹುಡುಗಿಯನ್ನು ಲವ್‌ಲೇಸ್ ಎಂಬ ಲಂಪಟ ಉಪಾಯದಿಂದ ಮನೆ ಬಿಡಿಸುತ್ತಾನೆ. ಲಂಡನ್ನಿಗೆ ಕರೆತಂದು, ಅದು ಸೂಳೆಗಾರಿಕೆಯ ಮನೆಯೆಂಬುದು ಅವಳಿಗೆ ತಿಳಿಯದ ಹಾಗೆ ಅಲ್ಲಿಡುತ್ತಾನೆ. ಕೊನೆಗೆ ಮದ್ದು ಕುಡಿಸಿ ಅತ್ಯಾಚಾರ ಮಾಡುತ್ತಾನೆ. ಆಮೇಲೆ ಮದುವೆಯಾಗುತ್ತೇನೆಂದು ಬೆನ್ನು ಬಿದ್ದರೂ ಅವಳು ಒಪ್ಪುವುದಿಲ್ಲ, ಸಾಯುತ್ತಾಳೆ. ಅವಳ ಸೋದರ ಸಂಬಂಧಿಯೊಬ್ಬನ ಕತ್ತಿಗೆ ಅವನೂ ಸಾಯುತ್ತಾನೆ.

ಲಂಪಟ ತಿದ್ದಿಕೊಂಡರೆ ಅವನಂಥ ಗಂಡ ಬೇರೆ ಇಲ್ಲ ಎಂಬ ಮಾತು ಆ ಕಾಲದ ಇಂಗ್ಲೆಂಡಿನಲ್ಲಿ ಗಾದೆಯ ಹಾಗೆ ಓಡಾಡುತ್ತಿತ್ತು. ಅದು ಎಂಥ ಅಪಾಯದ ಮಾತು ಎಂದು ಎಚ್ಚರಿಸುವುದು ತನ್ನ ಉದ್ದೇಶಗಳಲ್ಲೊಂದು ಎಂದು ಆತ ಮುನ್ನುಡಿಯಲ್ಲೇ ಹೇಳಿದ್ದ. ಓದುಗರು ಮುನ್ನುಡಿ ಓದಿದರು, ಪುಸ್ತಕ ಓದಿದರು, ಓದಿ ಲವ್‌ಲೇಸನಿಗೇ ಮನಸೋತರು.

ಲ್ಯಾಂಕಶೈರಿನ ವಿಗನ್ ಊರಿನ ಹತ್ತಿರ ಲೇಡಿ ಬ್ರಾಡ್‌ಶಾ ಎಂಬಾಕೆ ಇದ್ದಳು. ನಲವತ್ತು ದಾಟಿದ, ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಹೆಂಗಸು. ಕೊನೆಯ ಸಂಪುಟಗಳು ಬರುವ ಮೊದಲು, ಕಥೆ ದುರಂತವಾಗುತ್ತದಂತೆ ಎಂಬ ಸುದ್ದಿ ಕಿವಿಗೆ ಬಿದ್ದು, 1748ರ ಅಕ್ಟೋಬರಿನಲ್ಲಿ ಬೆಲ್ಫೋರ್ ಎಂಬ ಸುಳ್ಳು ಹೆಸರಿನಲ್ಲಿ ರಿಚರ್ಡ್‌ಸನ್ನನಿಗೆ ಬರೆದಳು. ಅವಳನ್ನು ಉಳಿಸಿ, ಅವನನ್ನು ತಿದ್ದಿ, ಇಬ್ಬರಿಗೂ ಮದುವೆ ಮಾಡಿಸಿ ಎಂದು ಬೇಡಿಕೊಂಡಳು, ಗದರಿಸಿದಳು. ಪ್ರಾಣ ಹೋದರೂ ಸರಿ, ಲವ್‌ಲೇಸನನ್ನು ಮೆಚ್ಚದೆ ಇರಲಾರೆ ಎಂದು ನಾಚಿಕೊಂಡೇ ಒಪ್ಪಿಕೊಂಡಳು. ಅಷ್ಟು ಕೆಟ್ಟವನನ್ನು ಅಷ್ಟು ಹಿತವಾಗಿ ಯಾಕೆ ಮಾಡಿದಿರಿ ಎಂದು ಜಗಳ ತೆಗೆದಳು. ರಿಚರ್ಡ್‌ಸನ್ ಜಗ್ಗಲಿಲ್ಲ. ಕೊನೆಯ ಸಂಪುಟಗಳನ್ನು ಓದಿದ ಬಗೆಯನ್ನೂ ಆಕೆ ಬರೆದಿದ್ದಾಳೆ: ಪುಸ್ತಕ ಕೆಳಗಿಡುತ್ತಾಳೆ, ಮತ್ತೆ ಎತ್ತಿಕೊಳ್ಳುತ್ತಾಳೆ, ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾಳೆ, ಅಳುತ್ತಾಳೆ, ಕಣ್ಣೊರೆಸಿಕೊಂಡು ಮೂರು ಸಾಲು ಓದುವುದರೊಳಗೆ ನನ್ನಿಂದಾಗದು ಎಂದು ಎಸೆಯುತ್ತಾಳೆ. ತನ್ನ ಪ್ರತಿಯ ಅಂಚಿನಲ್ಲಿ ಟಿಪ್ಪಣಿ ಬರೆದಳು, ತನಗೆ ಬೇಕಾದ ಮುಕ್ತಾಯವನ್ನೂ ಬರೆದಿಟ್ಟಳು. ಆ ಅಂಚಿನಲ್ಲೇ ರಿಚರ್ಡ್‌ಸನ್ ಕೂಡ ಉತ್ತರ ಬರೆದಿದ್ದಾನೆ. ಆಕೆಯ ಸೋದರಿ ಲೇಡಿ ಎಕ್ಲಿನ್ ಇನ್ನೂ ಮುಂದೆ ಹೋಗಿ, ಅತ್ಯಾಚಾರವೇ ನಡೆಯದ, ಲವ್‌ಲೇಸ್ ಪಶ್ಚಾತ್ತಾಪಪಟ್ಟು ಸಾಯುವ ಬೇರೊಂದು ಕೊನೆಯನ್ನೇ ಬರೆದಳು. ಅದು ಅಚ್ಚಾದದ್ದು 1982ರಲ್ಲಿ.

ನಿನ್ನ ಅಕ್ಕ ಯಾರ ಸಾಲಿನಲ್ಲಿ ನಿಂತಿದ್ದಾಳೆ ನೋಡು. ಅವಳ ಮೇಲೆ ಮುನಿಯಬೇಡ.

ಕೊನೆಯನ್ನು ಬದಲಿಸದೆ ಗಟ್ಟಿಯಾಗಿ ನಿಂತ ಅದೇ ಮನುಷ್ಯ ಆಮೇಲೆ ಮಾಡಿದ್ದನ್ನು ನೆನೆದರೆ ನನಗೆ ಬೇಸರವಾಗುತ್ತದೆ. ಓದುಗರು ಲಂಪಟನನ್ನು ಮೆಚ್ಚಿ, ಹುಡುಗಿಯನ್ನು ಬಿಗುಮಾನದವಳು ಎಂದದ್ದು ಆತನಿಗೆ ಸಹಿಸಲಾಗಲಿಲ್ಲ. 1749ರ ಎರಡನೇ ಮುದ್ರಣದಲ್ಲಿ ಅಡಿಟಿಪ್ಪಣಿ ಸೇರಿಸಿದ. ಇಲ್ಲಿ ಅವನ ಕುಟಿಲ ನೋಡಿ, ಇಲ್ಲಿ ಅವಳದು ತಪ್ಪಲ್ಲ ಎಂದು ಓದುಗರ ತಲೆಯನ್ನು ಹಿಡಿದು ತಿರುಗಿಸಿದ. 1751ರ ಮೂರನೇ ಮುದ್ರಣದಲ್ಲಿ ಇನ್ನೂರಕ್ಕೂ ಹೆಚ್ಚು ಪುಟ ಬೆಳೆಸಿ ಲವ್‌ಲೇಸನಿಗೆ ಇನ್ನಷ್ಟು ಮಸಿ ಬಳಿದ. ಅದರಿಂದ ಏನಾಯಿತು? ರಷ್ಯನ್ ಭಾಷೆಯಲ್ಲಿ ಹೆಣ್ಣುಗಳ ಹಿಂದೆ ಬೀಳುವವನಿಗೆ ಇವತ್ತಿಗೂ ‘ಲೊವೆಲಾಸ್’ ಎಂದೇ ಹೆಸರು. ಅವನು ಪುಸ್ತಕದಿಂದ ಎದ್ದು ನಡೆದ. ಅಡಿಟಿಪ್ಪಣಿಗಳು ಪುಟದ ಕೆಳಗೇ ಉಳಿದವು.

ಇದರಲ್ಲಿ ಓದುಗರ ತಪ್ಪೆಷ್ಟು? 1740ರಲ್ಲಿ ‘ಪಮೆಲಾ’ ಬರೆದವನೂ ಇವನೇ ತಾನೆ? ಅದರಲ್ಲಿ ಕೆಲಸದ ಹುಡುಗಿಯ ಮೇಲೆ ಕೈ ಹಾಕಲು ಹೊಂಚಿದ ಯಜಮಾನ ಕೊನೆಗೆ ತಿದ್ದಿಕೊಂಡು ಅವಳನ್ನೇ ಮದುವೆಯಾಗುತ್ತಾನೆ. ಜನ ಆ ಪುಸ್ತಕವನ್ನು ಮುಗಿಬಿದ್ದು ಓದಿದರು. ಏಳು ವರ್ಷದ ಹಿಂದೆ ತಾನೇ ಉಣಿಸಿದ ರುಚಿಯನ್ನು ಓದುಗರು ಮತ್ತೆ ಕೇಳಿದರೆ ಸಿಟ್ಟಾಗುವ ಹಕ್ಕು ಆತನಿಗಿತ್ತೇ? ನಿನ್ನ ಅಕ್ಕ ಇಪ್ಪತ್ತು ವರ್ಷದಿಂದ ಓದಿರುವುದು ಯಾರು ಬರೆದ ಕಥೆಗಳನ್ನು? ನನ್ನಂಥವರು ಬರೆದದ್ದನ್ನು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆಯ ಬಯಲಾಟ ನೀನು ನೋಡಿದ್ದೀಯ. ‘ಕೀಚಕ ವಧೆ’ ಪ್ರಸಂಗದಲ್ಲಿ ಕೀಚಕ ರಂಗಕ್ಕೆ ಬಂದರೆ ನಿದ್ದೆ ತೂಗುತ್ತಿದ್ದವರೂ ಎದ್ದು ಕೂರುತ್ತಾರೆ. ಅವನ ಶೃಂಗಾರಕ್ಕೆ, ಆ ಕುಣಿತಕ್ಕೆ, ಸೈರಂಧ್ರಿಯ ಮುಂದೆ ಆಡುವ ಮಾತಿಗೆ ಶಿಳ್ಳೆ ಬೀಳುತ್ತದೆ. ಭಾಗವತರು ಪದ ನಿಲ್ಲಿಸಿ, “ಮಹನೀಯರೇ, ಇವನು ದುಷ್ಟ, ಚಪ್ಪಾಳೆ ಹೊಡೆಯಬೇಡಿ” ಎನ್ನುವುದನ್ನು ಎಂದಾದರೂ ಕೇಳಿದ್ದೀಯಾ? ಹಾಗೆ ಹೇಳಿದರೆ ಆಟ ಕೆಟ್ಟಿತು. ಅದೇ ಕೀಚಕ ತುಂಬಿದ ಸಭೆಯಲ್ಲಿ ಅವಳನ್ನು ಒದೆಯುತ್ತಾನೆ. ಆಗ ಗದ್ದೆಯಲ್ಲಿ ಕೂತ ಅಷ್ಟೂ ಜನ ಗಪ್ಪಾಗುತ್ತಾರೆ. ನಾನು ಹತ್ತು ವರ್ಷದವಳಿದ್ದಾಗ ಅಪ್ಪನ ಕಂಬಳಿಯೊಳಗೆ ಕೂತು ಆ ಮೌನವನ್ನು ಕೇಳಿದ್ದೇನೆ. ಅರ್ಧ ತಾಸಿನ ಹಿಂದೆ ನಾನೂ ಚಪ್ಪಾಳೆ ತಟ್ಟಿದ್ದೆ. ಅಂಗೈ ಇನ್ನೂ ಬಿಸಿಯಿತ್ತು. ಆ ಒದೆತಕ್ಕೆ ನನ್ನದೂ ಒಂದು ಕೈ ಇತ್ತೇನೋ ಎಂಬ ಹಾಗೆ ಹೊಟ್ಟೆಯೊಳಗೆ ಏನೋ ಆಯಿತು. ಮೊದಲೇ ಯಾರಾದರೂ ನನ್ನ ಕೈ ಹಿಡಿದು ತಟ್ಟಬೇಡ ಅಂದಿದ್ದರೆ ಆ ರಾತ್ರಿ ನನಗೆ ಏನೂ ಆಗುತ್ತಿರಲಿಲ್ಲ.

ನಿನ್ನ ಅಡಿಟಿಪ್ಪಣಿಗಳು ಮಾಡುತ್ತಿರುವುದು ಇದನ್ನೇ. ಓದುಗರು ಅವನನ್ನು ಮೆಚ್ಚಲಿ. ಮೆಚ್ಚಿದ್ದು ಆಮೇಲೆ ಅವರನ್ನು ಸುಡಬೇಕು. ಮೆಚ್ಚದಂತೆ ಕಾವಲು ಹಾಕಿದರೆ ಸುಡುವುದೂ ತಪ್ಪಿಹೋಗುತ್ತದೆ. ಒಬ್ಬನೇ ಮನುಷ್ಯನ ಬಗ್ಗೆ ಮೆಚ್ಚುಗೆಯನ್ನೂ ಹೇಸಿಗೆಯನ್ನೂ ಒಟ್ಟಿಗೆ ಹುಟ್ಟಿಸುವುದು ರಿಚರ್ಡ್‌ಸನ್ ಒಬ್ಬನಿಂದ ಮಾತ್ರ ಆಯಿತು ಎಂದು ಆ ಕಾಲದ ವಿಮರ್ಶಕ ಡಾಕ್ಟರ್ ಜಾನ್ಸನ್ ಬರೆದಿದ್ದಾನೆ. ಅದು ಕಥೆ ಮಾಡಿದ ಕೆಲಸ. ಟಿಪ್ಪಣಿ ಬರುವ ಮೊದಲೇ ಆಗಿಹೋಗಿದ್ದ ಕೆಲಸ.

ಪುಸ್ತಕ ಬಂದು ಎಂಬತ್ತಾರು ವರ್ಷದ ಮೇಲೆ, 1834ರಲ್ಲಿ, ಮೆಕಾಲೆ ಮದರಾಸಿನಲ್ಲಿ ಇಳಿದು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ಊಟಿಗೆ ಬಂದ. ಬೆಟ್ಟದ ಮೇಲೆ ಆತನ ಹತ್ತಿರ ‘ಕ್ಲಾರಿಸಾ’ ಇತ್ತು. ಆಗ ನಡೆದದ್ದನ್ನು ಆತನೇ ಕಾದಂಬರಿಕಾರ ಥ್ಯಾಕರೆಗೆ ಹೇಳಿದ್ದಾನೆ: ಬೆಟ್ಟದ ಮೇಲಿದ್ದ ಇಂಗ್ಲಿಷರೆಲ್ಲ ಆ ಹುಡುಗಿಯ ಕಷ್ಟದಲ್ಲಿ, ಆ ನೀಚ ಲವ್‌ಲೇಸನಲ್ಲಿ ಮುಳುಗಿಹೋದರಂತೆ. ಗವರ್ನರರ ಹೆಂಡತಿ ಪುಸ್ತಕ ಕಿತ್ತುಕೊಂಡಳು, ಕಾರ್ಯದರ್ಶಿ ತನ್ನ ಸರದಿಗೆ ಕಾದ, ಮುಖ್ಯ ನ್ಯಾಯಾಧೀಶರಿಗೆ ಕಣ್ಣೀರಿನಲ್ಲಿ ಓದಲಾಗಲಿಲ್ಲ. ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ, ಬರೆದವನು ಸತ್ತು ಎಪ್ಪತ್ತು ವರ್ಷ ದಾಟಿದ ಮೇಲೆ! ವಾದ ಮಾಡಲು ಆತ ಅಲ್ಲಿರಲಿಲ್ಲ. ಪುಸ್ತಕ ತನ್ನ ಕೆಲಸ ತಾನು ಮಾಡಿಕೊಂಡಿತು.

ಈಗ ನನ್ನ ವಿಷಯ. ಇದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

1983ರಲ್ಲಿ ಒಂದು ವಾರಪತ್ರಿಕೆಯಲ್ಲಿ ನನ್ನ ಧಾರಾವಾಹಿ ಬರುತ್ತಿತ್ತು. ಅದರಲ್ಲೂ ಒಬ್ಬ ರಸಿಕ. ‘ರಸಿಕ’ ಎಂದೇ ಬರೆದಿದ್ದೆ, ಆ ಪದ ಆರಿಸಿಕೊಂಡಾಗಲೇ ಅರ್ಧ ಸೋತಿದ್ದೆ. ನಮ್ಮಮ್ಮ ಅವನನ್ನು ಕಚ್ಚೆಹರುಕ ಎನ್ನುತ್ತಿದ್ದಳು, ನಾಲಗೆ ಅಳುಕದೆ. ಅವನು ಹುಡುಗಿಯೊಬ್ಬಳ ಬಾಳು ಹಾಳುಮಾಡುತ್ತಾನೆ. ಅವಳು ಅವನನ್ನು ತಿರಸ್ಕರಿಸಿ ಟೀಚರ್ ಕೆಲಸ ಹಿಡಿದು ಒಬ್ಬಳೇ ಬದುಕುವುದು ನಾನು ಅಂದುಕೊಂಡಿದ್ದ ಕೊನೆ. ಹದಿನೆಂಟನೇ ಕಂತಿನ ಹೊತ್ತಿಗೆ ಓದುಗರ ಪತ್ರಗಳು ಕಟ್ಟುಕಟ್ಟಾಗಿ ಬಂದವು. ಇನ್‌ಲ್ಯಾಂಡು, ಕಾರ್ಡು, ಒಂದೊಂದರಲ್ಲಿ ಕುಂಕುಮ. ಇಬ್ಬರನ್ನೂ ಒಂದುಮಾಡಿ ಎಂದು ಎಲ್ಲರದೂ ಒಂದೇ ಮಾತು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಆ ಪ್ರೀತಿ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. ಕೊನೆಯ ಕಂತಿನಲ್ಲಿ ಅವನು ಕಣ್ಣೀರು ಹಾಕಿದ, ಅವಳು ಕ್ಷಮಿಸಿದಳು, ತಾಳಿ ಕಟ್ಟಿಸಿದೆ. ಹೊಗಳಿಕೆಯ ಪತ್ರಗಳು ಎರಡು ತಿಂಗಳು ಬಂದವು.

ಅವುಗಳ ನಡುವೆ ಊರಿಲ್ಲದ, ಹೆಸರಿಲ್ಲದ ಒಂದು ಕಾರ್ಡು. ಹೆಂಗಸಿನ ಅಕ್ಷರ. “ನಿಮ್ಮ ಕಥೆಯ ಕೊನೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿದೆ. ಇನ್ನು ಮುಂದೆ ಅವರಿಗೆ ಹೇಳಲು ನನ್ನ ಹತ್ತಿರ ಉತ್ತರ ಇಲ್ಲ.” ಇಷ್ಟೇ.

ಅವಳು ಯಾರು, ಯಾರ ಮುಂದೆ ಏನೆಂದು ಹಟ ಹಿಡಿದು ನಿಂತಿದ್ದಳು, ಆಮೇಲೆ ಏನಾಯಿತು ನನಗೆ ಗೊತ್ತಾಗಲಿಲ್ಲ. ವಾರ ವಾರ ನನ್ನ ಹುಡುಗಿಯ ಜೊತೆಗೆ ನಿಂತುಕೊಂಡಿದ್ದವಳು ಅವಳೊಬ್ಬಳೇ, ಮತ್ತು ಅವಳು ಅದುವರೆಗೆ ನನಗೊಂದು ಪತ್ರ ಬರೆದಿರಲಿಲ್ಲ. ಆ ಕಾರ್ಡು ನನ್ನ ಟ್ರಂಕಿನಲ್ಲಿದೆ. ಆ ಕಾದಂಬರಿಯನ್ನು ಪುಸ್ತಕ ಮಾಡಲು ನಾನು ಬಿಟ್ಟಿಲ್ಲ.

ಅದಕ್ಕೇ ಕೇಳುತ್ತೇನೆ, ಏನೂ ಹೇಳದೆ ಹೋದ ನಿನ್ನ ಏಳನೆಯ ಓದುಗರು ಯಾರು? ಹೆಂಗಸೋ ಗಂಡಸೋ ಎಂದೂ ನೀನು ಬರೆದಿಲ್ಲ. ನಾಲ್ಕು ಜನರ ಮಾತಿಗೆ ಒಂಬತ್ತು ಪುಟದ ಉತ್ತರ ಕೊಟ್ಟವಳು ಆ ಒಬ್ಬರನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯ.

ಓದುಗರು ಹುಡುಗಿಯನ್ನು ಸೊಕ್ಕಿನವಳು ಅಂದದ್ದಕ್ಕೂ ಕಾರಣ ನಿನ್ನ ಪುಸ್ತಕದಲ್ಲೇ ಇದೆ. ಎಷ್ಟು ಒಳ್ಳೆಯದನ್ನು ಕಟ್ಟಿಕೊಂಡು ಕೈಬಿಟ್ಟಿದ್ದೀಯ ಅಂತ ನಿನಗೆ ಗೊತ್ತೇ? ಶಾನುಭೋಗರ ಮಗಳು, ಅಪ್ಪನ ಪಕ್ಕದಲ್ಲಿ ಕೂತು ಲೆಕ್ಕ ಬರೆಯಲು ಕಲಿತವಳು. ಮಸಿ ಹಚ್ಚಿದ ಬಟ್ಟೆಯ ಕಡತ, ಕೈಯಲ್ಲಿ ಬಳಪ, ಹಗಲು ಲೆಕ್ಕ, ರಾತ್ರಿ ಅದನ್ನೊರೆಸಿ ತನ್ನ ಮನಸ್ಸು. ಆ ಎರಡು ಅಧ್ಯಾಯ ಓದಿ ನನ್ನ ಎದೆ ತುಂಬಿತು. ಮನೆ ಬಿಟ್ಟ ರಾತ್ರಿ ಕಡತವನ್ನು ಸೀರೆಯೊಳಗೆ ಸುತ್ತಿಕೊಂಡೇ ದೋಣಿ ಹತ್ತುತ್ತಾಳೆ. ಹೊನ್ನಾವರದ ಮನೆಯ ಬಾಗಿಲು ಹಾಕಿದ ಮೇಲೆ ಅದರ ಸುದ್ದಿಯೇ ಇಲ್ಲ! ಆಮೇಲೆ ಇನ್ನೂರು ಪುಟ ಅವನೇ ಮಾತಾಡುತ್ತಾನೆ. ಅವಳು ಕಿಟಕಿಯ ಹತ್ತಿರ ನಿಂತಿರುತ್ತಾಳೆ. ಓದುಗರು ಇನ್ಯಾರನ್ನು ಮೆಚ್ಚಬೇಕು?

ರಿಚರ್ಡ್‌ಸನ್ನನ ಪುಸ್ತಕದಲ್ಲಿ ಆ ಘೋರ ರಾತ್ರಿಯ ನಂತರ ಲವ್‌ಲೇಸ್ ಗೆಳೆಯನಿಗೆ ಎರಡು ಸಾಲು ಬರೆದು ನಿಲ್ಲಿಸುತ್ತಾನೆ. ಅಷ್ಟು ಮಾತುಗಾರನಿಗೆ ಮಾತು ಹೋಗಿರುತ್ತದೆ. ಆಮೇಲೆ ಬರುವುದು ಅವಳ ಹರಿದ ಚೀಟಿಗಳು. ಬುದ್ಧಿ ಸ್ಥಿಮಿತದಲ್ಲಿ ಇಲ್ಲದೆ ಬರೆದು, ಹರಿದು, ಮೇಜಿನ ಕೆಳಗೆ ಎಸೆದವು. ಹತ್ತನೆಯ ಚೀಟಿಯಲ್ಲಿ ಸಾಲುಗಳು ಓರೆಯಾಗಿ, ಅಂಚಿಗೆ ಅಡ್ಡಡ್ಡವಾಗಿ ಅಚ್ಚಾಗಿವೆ. ಮುದ್ರಣಕಾರ ತಾನೇ, ಅಚ್ಚಿನ ಮೊಳೆಗಳನ್ನು ಹಾಗೆ ಜೋಡಿಸಿದ. ಲವ್‌ಲೇಸನ ಮೇಲೆ ಆತ ಹಾಕಿದ ಅಷ್ಟೂ ಟಿಪ್ಪಣಿ ಮಾಡದ ಕೆಲಸವನ್ನು ಆ ಒಂದು ಪುಟ ಮಾಡುತ್ತದೆ.

ಅವನನ್ನು ಇನ್ನಷ್ಟು ಕೆಟ್ಟವನಾಗಿ ಮಾಡಬೇಡ. ಅವನ ಹಾಡು ಚೆನ್ನಾಗಿದೆ, ಹಾಗೇ ಇರಲಿ. ಆ ಮುಚ್ಚಿದ ಕೋಣೆಯಲ್ಲಿ ಅವಳ ಕಡತ ಎಲ್ಲಿದೆ? ಬಳಪ ಮುಗಿದಾಗ ಯಾವುದರಿಂದ ಬರೆದಳು? ಒರೆಸಿದ ಮೇಲೂ ಯಾವ ಅಕ್ಷರ ಉಳಿಯಿತು? ಇದನ್ನು ಬರೆದು ಕಳಿಸು. ಮಳೆಗಾಲ ಮುಗಿಯುವವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ.

ಹಸ್ತಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ‘ಲೇಖಕಿಯ ಮಾತು’ ಒಂಬತ್ತು ಪುಟವನ್ನು ನಾನೇ ತೆಗೆದಿಟ್ಟುಕೊಂಡಿದ್ದೇನೆ, ವಾಪಸು ಕೇಳಬೇಡ. ನಿನ್ನ ಅಕ್ಕನಿಗೆ ನನ್ನ ಆಶೀರ್ವಾದ ತಿಳಿಸು.

ಪ್ರೀತಿಯಿಂದ,
ನಿನ್ನ ಅಮ್ಮನಂಥವಳು