ದಾಂಡೇಲಿಯ ಹಳಿ ಮತ್ತು ನಾಟಾ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉತ್ತರ ಕನ್ನಡ ಜಿಲ್ಲಾಧಿಕಾರಿಗಳೇ,

ನಿಮ್ಮ ಕಚೇರಿ ಇರುವ ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುತ್ತದೆ. ಅದೇ ನದಿಯ ಮೇಲ್ದಂಡೆಯ ದಾಂಡೇಲಿಯಿಂದ ಬರೆಯುತ್ತಿದ್ದೇನೆ. ಇಂದು ನಮ್ಮ ಊರಿನ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ರಾಫ್ಟಿಂಗ್ ಮತ್ತು ರೆಸಾರ್ಟ್. ಆದರೆ ಕಾಡಿನ ನಡುವಿನ ಈ ಹಳ್ಳಿಯನ್ನು ಊರಾಗಿ ಬೆಳೆಸಿದ್ದು ನಾಟಾ, ಅಂದರೆ ಕಡಿದ ಮರದ ದಿಮ್ಮಿ, ಮತ್ತು ರೈಲು.

ರೈಲು ಬರುವ ಮೊದಲು ಇಲ್ಲಿನ ತೇಗ ಕಾಳಿಯಲ್ಲಿ ತೇಲಿಕೊಂಡು ಕಾರವಾರದ ಬಳಿಯ ಸದಾಶಿವಗಡದತ್ತ ಹೋಗುತ್ತಿತ್ತು. ಆದರೆ ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ, ಒಣಗಿದ ದಿಮ್ಮಿಯೂ ಹೊಳೆಯ ಬಂಡೆಗಳಿಗೆ ಬಡಿದು ಸೀಳುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಧಾರವಾಡ ಕಡೆಯ ಅಳ್ನಾವರದಿಂದ ಇಲ್ಲಿಗೆ ಸುಮಾರು 30 ಕಿ.ಮೀ. ಹಳಿ ಹಾಕಿದರು. ಪಡುವಣ ಕಡಲಿಗೆ ಇಳಿಯುತ್ತಿದ್ದ ಮರ ಅಂದಿನಿಂದ ಮೂಡಣಕ್ಕೆ, ಅಳ್ನಾವರದ ಕಡೆಗೆ ತಿರುಗಿತು. ಹೊಳೆಯ ದಾರಿಯನ್ನೇ ಹಿಂದುಮುಂದು ಮಾಡಿದ ಈ ಸಂಗತಿ ನನ್ನನ್ನು ಬಾಲ್ಯದಿಂದ ಬೆರಗುಗೊಳಿಸಿದೆ. ಹಳಿಗಳ ಕೆಳಗೆ ಹಾಸುವ ಸ್ಲೀಪರ್‌ಗಳೂ ನಮ್ಮ ಜಿಲ್ಲೆಯ ಕಾಡಿನಿಂದಲೇ ಹೋಗುತ್ತಿದ್ದವು.

ನನ್ನ ಅಜ್ಜ ಮರ ಕೊಯ್ಯುವ ಸಾಮಿಲ್ಲಿನಲ್ಲಿ ದಿಮ್ಮಿ ಹೊರಳಿಸುವ ಕೂಲಿಯಾಗಿದ್ದರು. ದಿಮ್ಮಿಯ ತುದಿಗೆ ಅರಣ್ಯ ಇಲಾಖೆಯ ಸುತ್ತಿಗೆಯಿಂದ ಮುದ್ರೆ ಒತ್ತುವುದು, ಉದ್ದ ಮತ್ತು ಸುತ್ತಳತೆ ಬರೆದುಕೊಳ್ಳುವುದು, ಲಾಟು ಕಟ್ಟಿ ಹರಾಜಿಗೆ ಇಡುವುದು, ಇವೆಲ್ಲವನ್ನೂ ಅವರು ಹೊಲದ ಕೆಲಸ ವಿವರಿಸಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಮರದ ಹೊಟ್ಟಿನ ವಾಸನೆಯಿಂದಲೇ ತೇಗ ಯಾವುದು, ಮತ್ತಿ ಯಾವುದು ಎಂದು ಗುರುತಿಸುತ್ತಿದ್ದರು. ಅವರ ಬಲಗೈಯ ಎರಡು ಬೆರಳು ಗರಗಸಕ್ಕೆ ಹೋಗಿದ್ದವು. ಅದರ ಲೆಕ್ಕ ಯಾವ ರಿಜಿಸ್ಟರಿನಲ್ಲೂ ನನಗೆ ಸಿಗಲಿಲ್ಲ.

ಈ ಚರಿತ್ರೆ ಬರೀ ಹೆಮ್ಮೆಯದ್ದಲ್ಲ ಎಂಬುದೂ ನನಗೆ ಗೊತ್ತು. 1860ರಲ್ಲಿ ಕುಮರಿ ಬೇಸಾಯಕ್ಕೆ, ಅಂದರೆ ಕಾಡು ಕಡಿದು ಸುಟ್ಟು ಮಾಡುವ ಬೇಸಾಯಕ್ಕೆ, ನಿರ್ಬಂಧ ಹೇರಿದ ಸರ್ಕಾರವೇ ಹಡಗಿಗೂ ಹಳಿಗೂ ತೇಗ ಕಡಿಸಿತು. ಈ ಕಾಡನ್ನೇ ನಂಬಿದ್ದ ಕುಣಬಿ, ಗೌಳಿ, ಸಿದ್ದಿ ಕುಟುಂಬಗಳ ನೆನಪುಗಳನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆ. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು, 1956ರಲ್ಲಿ ವನ್ಯಧಾಮ ಆಯಿತು, ಆಮೇಲೆ ಸೂಪಾ ಅಣೆಕಟ್ಟು ಒಂದು ಊರನ್ನೇ ಮುಳುಗಿಸಿತು. ಅವುಗಳ ಕಥೆ ಅಲ್ಲಿ ಇಲ್ಲಿ ದಾಖಲಾಗಿದೆ. ನಾಟಾ ಕೆಲಸದವರದ್ದು ಆಗಿಲ್ಲ.

ಎರಡು ದಶಕಕ್ಕೂ ಹೆಚ್ಚು ಕಾಲ ನಿಂತಿದ್ದ ಪ್ರಯಾಣಿಕರ ರೈಲು 2019ರ ನವೆಂಬರ್‌ನಲ್ಲಿ ಧಾರವಾಡದಿಂದ ನಮ್ಮೂರ ಪಕ್ಕದ ಅಂಬೇವಾಡಿಗೆ ಮತ್ತೆ ಬಂದಾಗ ನನ್ನ ತಾಯಿ ನಿಲ್ದಾಣದಲ್ಲಿ ನಿಂತು ಅತ್ತರು. ಕೆಲವೇ ತಿಂಗಳಲ್ಲಿ ಲಾಕ್‌ಡೌನ್ ಬಂದು ದೇಶದ ಎಲ್ಲ ಪ್ರಯಾಣಿಕರ ರೈಲುಗಳಂತೆ ಅದೂ ನಿಂತಿತು. ರೈಲಿನ ಬೇಡಿಕೆಯನ್ನು ಸಂಸದರ ಮುಂದೆ ಇಡುವವರು ಬಹಳ ಜನ ಇದ್ದಾರೆ. ನಿಮ್ಮಲ್ಲಿ ನನ್ನ ಕೋರಿಕೆ ಬೇರೆ.

ನಾಟಾ ಡಿಪೊದ ಹಳೆಯ ಅಳತೆ ಪುಸ್ತಕ, ಹರಾಜಿನ ರಿಜಿಸ್ಟರ್, ಮುದ್ರೆಯ ಸುತ್ತಿಗೆಗಳಲ್ಲಿ ಉಳಿದಿರುವುದನ್ನು ಗೆದ್ದಲಿಗೆ ಬಿಡದೆ ಒಂದು ಕೋಣೆಯಲ್ಲಿ ಜೋಪಾನ ಮಾಡಿಸಿ. ಈ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಅಲ್ಲಿನ ಪತ್ರಾಗಾರದಲ್ಲಿ ನಮ್ಮ ಹಳಿಯ ಕಡತಗಳಿದ್ದರೆ ಪ್ರತಿ ತರಿಸಿ. ಎಲ್ಲಕ್ಕಿಂತ ಮೊದಲು, ಸಾಮಿಲ್ಲಿನಲ್ಲಿ, ಡಿಪೊದಲ್ಲಿ, ರೈಲಿನಲ್ಲಿ ದುಡಿದ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿ. ಕಾಗದ ಇನ್ನೂ ಕೆಲವು ಮಳೆಗಾಲ ತಡೆದೀತು, ಅವರು ತಡೆಯಲಾರರು. ನಮ್ಮ ಓಣಿಯಲ್ಲಿ ಅಂಥವರು ಮೂವರು ಉಳಿದಿದ್ದಾರೆ. ನೀವು ಯಾವ ದಿನ ಯಾರನ್ನು ಕಳುಹಿಸಿದರೂ ಅವರ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಇಂತಿ,
ಸಾಮಿಲ್ಲಿನ ಕೂಲಿಕಾರರೊಬ್ಬರ ಮೊಮ್ಮಗ, ದಾಂಡೇಲಿ