ಗಿರಣಿಯ ಚಿತ್ರದಲ್ಲಿ ತೂಬನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ಯುರೋಪಿನ ನಿಸರ್ಗಚಿತ್ರಗಳಲ್ಲಿ ಬರುವ ನೀರಿನ ಗಿರಣಿಗಳ ಕುರಿತು ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನ ಸೊಗಸಾಗಿತ್ತು. ಆದರೆ ಅಲ್ಲಿ ಪ್ರತಿಯೊಂದು ಗಿರಣಿಯನ್ನೂ ಕಾಲಚಕ್ರದ ಇಲ್ಲವೇ ಹಳ್ಳಿಯ ನೆಮ್ಮದಿಯ ಸಂಕೇತವೆಂದು ವಿವರಿಸಿರುವುದನ್ನು ಒಪ್ಪುವುದು ಕಷ್ಟ. ತಿರುಗುವುದನ್ನೆಲ್ಲ ಕಾಲವೆಂದು ಕಾಣುವ ರೂಢಿ ನಮ್ಮಲ್ಲಿ ಬಲವಾಗಿರುವುದರಿಂದ ಈ ಅರ್ಥ ಸಲೀಸಾಗಿ ಹೊಳೆಯುತ್ತದೆ. ಚಿತ್ರದ ಎದುರು ಅದು ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ಡಚ್ ಕಲಾವಿದ ಯಾಕೊಬ್ ಫಾನ್ ರೌಸ್ಡಾಲ್ 1653ರಲ್ಲಿ ರಚಿಸಿದ, ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಗ್ರಹಾಲಯದಲ್ಲಿರುವ ಎರಡು ಗಿರಣಿಗಳ ಚಿತ್ರವನ್ನೇ ತೆಗೆದುಕೊಳ್ಳೋಣ. ತೆರೆದ ತೂಬಿನಿಂದ ನೊರೆಗಟ್ಟಿ ನುಗ್ಗುವ ನೀರೇ ಅಲ್ಲಿ ಕಣ್ಣನ್ನು ಮೊದಲು ಸೆಳೆಯುತ್ತದೆ. ತೂಬು ತೆರೆದಿದೆಯೆಂದರೆ ತೆರೆದವರೊಬ್ಬರಿದ್ದಾರೆ. ಎಷ್ಟು ನೀರು ಚಕ್ರಕ್ಕೆ, ಎಷ್ಟು ಹೊರಕ್ಕೆ ಎಂಬುದನ್ನು ಗಿರಣಿಯವನೇ ನಿರ್ಧರಿಸುತ್ತಾನೆ. ಆ ಹರಿವು ಯಾರೂ ತಡೆಯಲಾಗದ ಕಾಲವೇ ಆಗಿದ್ದರೆ ತೂಬಿಗೆ ಅಲ್ಲೇನು ಕೆಲಸ? ಇನ್ನೊಂದು ಮಾತು: ಹಾಲೆಂಡಿನ ಪಶ್ಚಿಮದ ಸಮತಟ್ಟು ನೆಲದಲ್ಲಿ ಗಾಳಿಗಿರಣಿಗಳದೇ ಮೇಲುಗೈ, ಇಂಥ ನೀರಿನ ಗಿರಣಿಗಳಿದ್ದುದು ಜರ್ಮನ್ ಗಡಿಯತ್ತಣ ಪೂರ್ವ ಭಾಗದಲ್ಲಿ. ಹಾಗಾಗಿ ಆಮ್‌ಸ್ಟರ್‌ಡಾಮ್‌ನ ಗಿರಾಕಿಗೆ ಅದು ಮೊದಲು ದೂರದ ಸೀಮೆಯ ಗುರುತಾಗಿ ಕಂಡಿರಬೇಕೆಂದು ನನ್ನ ಊಹೆ. ರೌಸ್ಡಾಲ್‌ನ ಶಿಷ್ಯ ಹೊಬ್ಬೆಮಾ ಅದೇ ವಸ್ತುವನ್ನು ಮತ್ತೆ ಮತ್ತೆ ಚಿತ್ರಿಸಿದ್ದಕ್ಕೆ ಮಾರುಕಟ್ಟೆಯೂ ಕಾರಣವಿದ್ದೀತು.

ಇಂಗ್ಲೆಂಡಿನ ಕಲಾವಿದ ಜಾನ್ ಕಾನ್‌ಸ್ಟೆಬಲ್‌ನ ವಿಷಯದಲ್ಲಂತೂ ಗಿರಣಿಯೆಂದರೆ ಮನೆತನದ ಕಸುಬು. ಸ್ಟೂರ್ ನದಿಯ ಫ್ಲಾಟ್‌ಫರ್ಡ್ ಗಿರಣಿ ಧಾನ್ಯದ ವ್ಯಾಪಾರಿಯಾಗಿದ್ದ ಅವನ ತಂದೆಯದು. 1817ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದ ಅವನ ಚಿತ್ರದಲ್ಲಿ ಆ ಗಿರಣಿ ಹಿನ್ನೆಲೆಗೆ ಸರಿದಿದೆ. ಮುಂದೆ ಇರುವುದು ಸರಕಿನ ದೋಣಿಗಳು, ಅವನ್ನೆಳೆಯುವ ಕುದುರೆ, ಹಗ್ಗ ಬಿಡಿಸುತ್ತಿರುವ ಹುಡುಗ. 1821ರಲ್ಲಿ ಗೆಳೆಯ ಫಿಶರ್‌ಗೆ ಬರೆದ ಪತ್ರದಲ್ಲಿ ಅವನು, ಗಿರಣಿಯ ಒಡ್ಡಿನಿಂದ ನೀರು ನುಗ್ಗುವ ಸದ್ದು, ಕೊಳೆತ ಹಳೆಯ ಹಲಗೆಗಳು, ಲೋಳೆಗಟ್ಟಿದ ಕಂಬಗಳು, ಇಟ್ಟಿಗೆಯ ಕಟ್ಟಣೆ ಇವೆಲ್ಲ ತನಗೆ ಪ್ರಿಯವೆಂದು ಹೇಳಿಕೊಂಡಿದ್ದಾನೆ. ಹಲಗೆ ಕೊಳೆಯುವುದೂ ಕಾಲದ ಗುರುತೇ ಅಲ್ಲವೇ ಎಂದು ಲೇಖಕರು ಕೇಳಬಹುದು. ಹೌದು; ಆದರೆ ಆ ಅರ್ಥವನ್ನು ಹಲಗೆಯಿಂದ ಹೊರಡಿಸಬೇಕೇ ಹೊರತು ಚಕ್ರ ಕಂಡೊಡನೆ ಅದಕ್ಕೆ ಅಂಟಿಸಬಾರದು.

ಲೇಖನದೊಂದಿಗೆ ಮುದ್ರಿಸಿದ್ದ ಚಿತ್ರಗಳು ಅಂಚೆಚೀಟಿಯಷ್ಟು ಚಿಕ್ಕವಾಗಿದ್ದು, ತೂಬು, ಹಲಗೆ ಯಾವುದೂ ಕಾಣುವಂತಿರಲಿಲ್ಲ. ಮುಂದೆ ಇಂಥ ಬರಹಗಳಿಗೆ ಕನಿಷ್ಠ ಒಂದು ಚಿತ್ರವನ್ನಾದರೂ ಅರ್ಧ ಪುಟದಷ್ಟು ದೊಡ್ಡದಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ